ಮಂಡಕ್ಕಿಗೆ ಮೊರ ಹಿಡಿದವರು

ಕೂಡ್ಲಿಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮಂಡಕ್ಕಿ ಭಟ್ಟಿ ಇದೆ. ಶಾಲೆ ಬಿಟ್ಟು ಸಂಜೆಯ ಬಸ್ಸಿಗೆ ಕಾಯುತ್ತ ನಿಂತಾಗ ಗಾಳಿ ಸ್ವಲ್ಪ ಈ ಕಡೆ ತಿರುಗಿದರೆ ಸಾಕು, ಕಾದ ಮರಳಿನಲ್ಲಿ ಉಪ್ಪು ಹಿಡಿದ ಅಕ್ಕಿ ಅರಳುವ ವಾಸನೆ ಬರುತ್ತದೆ. ಅರೆಬರೆ ಉರಿದ ಹೊಟ್ಟಿನ ಹೊಗೆ, ಆ ಹೊಗೆಯೊಳಗೆ ಎಲ್ಲೋ ಹಗುರವಾದ ಒಂದು ಸಿಹಿ. ಜೊತೆಗಿರುವ ಟೀಚರುಗಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಉಸಿರು ಎಳೆದುಕೊಂಡು ಕೊಟ್ಟೂರಿನ ನಮ್ಮ ಮನೆಯೊಳಗೆ ಹೋಗಿಬಿಡುತ್ತೇನೆ. ಮುಂದೆ ಮನೆ, ಹಿಂದೆ ಭಟ್ಟಿ. ಎರಡರ ನಡುವೆ ಒಂದು ಗೋಡೆ ಇತ್ತೇ ಹೊರತು ಅದು ಏನನ್ನೂ ತಡೆಯುತ್ತಿರಲಿಲ್ಲ. ತೊಲೆಗಳೆಲ್ಲ ಕರ್ರಗಾಗಿದ್ದವು, ನಮ್ಮ ಜಡೆಗಳಿಗೂ ಹೊಗೆಯ ವಾಸನೆ. ಪಡಸಾಲೆಯ ತುಂಬ ಮಂಡಕ್ಕಿ ಚೀಲಗಳು. ಮಧ್ಯಾಹ್ನ ಅವುಗಳ ಮೇಲೆ ಹತ್ತಿ ಮಲಗಿದರೆ ಮೈ ಕೆಳಗೆ ಸಣ್ಣಗೆ ಸರಸರ ಎನ್ನುವುದು. ಆ ಸದ್ದು ಕೊಟ್ಟಷ್ಟು ಒಳ್ಳೆಯ ನಿದ್ದೆಯನ್ನು ಆಮೇಲೆ ಯಾವ ಹಾಸಿಗೆಯೂ ನನಗೆ ಕೊಟ್ಟಿಲ್ಲ. ನೀವೂ ಇಂಥ ಯಾವುದೋ ಮನೆಯಿಂದ ಬಂದವರಾದರೆ, ಆ ಮನೆ ಈಗ ಇಲ್ಲವಾಗಿದ್ದರೆ, ನಾನು ಏನು ಹೇಳುತ್ತಿದ್ದೇನೆಂದು ನಿಮಗೆ ಗೊತ್ತಾಗುತ್ತದೆ.

ಆ ಮನೆಗೂ ಭಟ್ಟಿಗೂ ಯಜಮಾನಿ ನಮ್ಮ ಅಪ್ಪನ ತಾಯಿ, ಬಸಮ್ಮ. ಮಕ್ಕಳು ಮೊಮ್ಮಕ್ಕಳು ಎಲ್ಲರೂ ಆಕೆಯನ್ನು ಅವ್ವ ಎಂದೇ ಕರೆಯುತ್ತಿದ್ದೆವು. ಆಕೆಯ ಕೊನೆಯ ಮಗ ವೀರೇಶ ನನಗೆ ಕಾಕಾ, ಆಗ ಕಾಲೇಜಿನಲ್ಲಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿಗೆ ಕಬಡ್ಡಿ ಗೊತ್ತಿತ್ತು, ವಾಲಿಬಾಲ್ ಗೊತ್ತಿತ್ತು, ಕ್ರಿಕೆಟ್ಟಂತೂ ಸಂದಿಸಂದಿಯಲ್ಲಿತ್ತು. ಫುಟ್‌ಬಾಲ್ ಮಾತ್ರ ಯಾರೂ ಕಂಡಿರಲಿಲ್ಲ. ಎಲ್ಲಿಂದಲೋ ವರ್ಗವಾಗಿ ಬಂದ ಆಟದ ಮೇಷ್ಟ್ರು ಒಬ್ಬರು ಬಗಲಲ್ಲಿ ಚೆಂಡು ಇಟ್ಟುಕೊಂಡೇ ಬಸ್ಸಿಳಿದರಂತೆ. ಕಾಕಾ ಉದ್ದ ಇದ್ದ, ಕೈಗಳು ಇನ್ನೂ ಉದ್ದ, ಹಾಗಾಗಿ ಅವನನ್ನು ಗೋಲಿಗೆ ನಿಲ್ಲಿಸಿದರು. ಅವ್ವನಿಗೆ ಮೊದಮೊದಲು ಈ ಆಟ ಹಿಡಿಸಲಿಲ್ಲ. "ದೇವರು ಎರಡು ಕೈ ಕೊಟ್ಟಾನ, ಇವು ಕಾಲಿಲೆ ಚೆಂಡು ಒದಿತಾವ" ಎಂದು ಭಟ್ಟಿಯ ಆಳುಗಳ ಮುಂದೆ ನಗಾಡುತ್ತಿದ್ದಳು. ಗೋಲಿಗೆ ನಿಂತವನು ಮಾತ್ರ ಕೈಯಿಂದ ಚೆಂಡು ಹಿಡಿಯಬಹುದು ಎಂದು ಗೊತ್ತಾದ ದಿನದಿಂದ ಆಕೆಯ ಮಾತೇ ಬದಲಾಯಿತು. "ಹನ್ನೊಂದು ಮಂದ್ಯಾಗ ನನ್ನ ಮಗ ಒಬ್ಬನ ಮನಷ್ಯಾರಂಗ ಆಡತಾನ" ಎಂದು ಸಂತೆಯಲ್ಲೂ ಹೇಳಿಕೊಂಡು ಬಂದಳು.

ಮೊದಲ ಪಂದ್ಯ ಹರಪನಹಳ್ಳಿಯಲ್ಲಿ, ಅಲ್ಲಿಯ ಕಾಲೇಜಿನ ಮೇಲೆ. ನಮ್ಮವರು ಕೆಟ್ಟದಾಗಿ ಸೋತರು. ಸೋತದ್ದಕ್ಕಿಂತ ಹೆಚ್ಚಿಗೆ ಕಾಕಾನನ್ನು ಚುಚ್ಚಿದ್ದು ಅಲ್ಲಿಯ ಹುಡುಗರ ಕೂಗು. ಯಾರೋ ಅವನ ಮನೆಯ ಉದ್ಯೋಗ ಹೇಳಿಬಿಟ್ಟಿದ್ದರು. ಅವನ ಪಕ್ಕದಿಂದ ಚೆಂಡು ಒಳಗೆ ಹೋದಾಗಲೆಲ್ಲ ಇಡೀ ಮೈದಾನ "ಮಂಡಕ್ಕಿ ಮಂಡಕ್ಕಿ, ಉಫ್ ಅಂದ್ರ ಹಾರಿಹೋತು" ಎಂದು ಕೂಗಿ ಬಾಯಿಂದ ಊದಿತಂತೆ. ಮನೆಗೆ ಬಂದವನು ತಟ್ಟೆ ಮುಂದಿಟ್ಟರೂ ಕೈ ಹಾಕಲಿಲ್ಲ. "ಈ ಭಟ್ಟಿ ಇಲ್ಲದಿದ್ರ ನನಗ ಆ ಹೆಸರು ಬರ್ತಿದ್ದಿಲ್ಲ" ಎಂದ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಿದಳು. ಗಂಡ ತೀರಿಕೊಂಡ ಮೇಲೆ ನಮ್ಮಪ್ಪನನ್ನು, ಗಿರಿಜತ್ತಿಯನ್ನು, ಈ ಕಾಕಾನನ್ನು ಅದೇ ಭಟ್ಟಿಯ ಮುಂದೆ ಕೂತು ಬೆಳೆಸಿದವಳು ಆಕೆ. ಮತ್ತೆ ರೊಟ್ಟಿ ಬಡಿಯತೊಡಗಿದಾಗ ಆ ಸದ್ದು ಎಂದಿಗಿಂತ ಜೋರಾಗಿತ್ತು.

ಮರುವರ್ಷ ಪಂದ್ಯ ಕೊಟ್ಟೂರಿನಲ್ಲಿ. ಆವತ್ತು ಅವ್ವ ಭಟ್ಟಿ ಆರಿಸಿ, ಜರಿಯಂಚಿನ ಇಳಕಲ್ ಸೀರೆ ಉಟ್ಟು, ಒಂದು ದೊಡ್ಡ ಚೀಲ ಬಿಸಿ ಮಂಡಕ್ಕಿಯನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ಮೈದಾನಕ್ಕೆ ಹೊರಟಳು. ನನ್ನನ್ನು ಬಗಲಲ್ಲಿ ಕೂಡಿಸಿಕೊಂಡಳು, ಯಾಕೆಂದರೆ ಗೋಲು ಯಾರದೆಂದು ಹೇಳುವವರು ಬೇಕಿತ್ತು. ನಮ್ಮವರು ಚೆಂಡನ್ನು ಬಲೆಗೆ ಹೊಡೆದು ಜನ ಎದ್ದು ಕೂಗಿದಾಗ "ನಮ್ದೇನ?" ಎಂದು ನನ್ನ ರಟ್ಟೆ ಹಿಡಿದಳು. ಹೂಂ ಎಂದೆ. ಎದ್ದವಳೇ ಬೊಗಸೆ ತುಂಬ ಮಂಡಕ್ಕಿ ಎತ್ತಿ ಅಕ್ಷತೆ ಹಾಕಿದ ಹಾಗೆ ಗಾಳಿಗೆ ತೂರಿದಳು. "ಮಂಡಕ್ಕಿ ಅಂದ್ರಲ್ಲಪಾ, ತಗೊಳ್ರಿ, ತಿನ್ರಿ! ಹಾರೇತಿ ನೋಡ್ರಿ, ಹಾರಿ ನಿಮ್ಮ ತಲಿ ಮ್ಯಾಲ ಬಿದ್ದೈತಿ!" ಜನ ಒಂದು ಗಳಿಗೆ ಬಾಯಿ ತೆರೆದು ನೋಡಿದರು, ಆಮೇಲೆ ಇಡೀ ಮೈದಾನ ನಕ್ಕಿತು. ಹುಡುಗರು ಬಂದು ಚೀಲಕ್ಕೆ ಕೈ ಹಾಕಿದರು. ಆಟ ಮುಗಿದ ಮೇಲೆ ಉಳಿದದ್ದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿ ಹರಪನಹಳ್ಳಿಯವರಿಗೂ ಕೊಟ್ಟಳು. ಕಾಕಾ ಗೆಳೆಯರ ನಡುವೆ ನಿಂತು ತಲೆಯಲ್ಲಿ ಸಿಕ್ಕಿದ್ದ ಮಂಡಕ್ಕಿಯನ್ನು ಒಂದೊಂದೇ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅಲ್ಲಿಂದ ಕೊಟ್ಟೂರಿನವರು ಗೋಲು ಹೊಡೆದರೆ ಮಂಡಕ್ಕಿ ತೂರುವುದು ರೂಢಿಯಾಯಿತು. ಸುತ್ತಲಿನ ಊರುಗಳವರು ಸುಮ್ಮನಿರುತ್ತಾರೆಯೇ? ಹೂವಿನ ಹಡಗಲಿಯವರು ಆಡಲು ಬಂದರೆ ತಮ್ಮ ಗೋಲುಗಂಬಕ್ಕೆ ಮಲ್ಲಿಗೆ ದಂಡೆ ಸುತ್ತತೊಡಗಿದರು. ಎದುರಾಳಿ ಹುಡುಗರು ಚೆಂಡು ಬಿಟ್ಟು ವಾಸನೆ ನೋಡುತ್ತಾರೆಂದು ನಮ್ಮೂರಿನವರು ತಕರಾರು ಮಾಡಿದ್ದೂ ಉಂಟು.

ಹರಪನಹಳ್ಳಿಯವರ ಉತ್ತರ ಮುಂದಿನ ವರ್ಷ ಬಂತು. ಅವರ ಮೈದಾನಕ್ಕೆ ನಾವು ಲಾರಿಯಲ್ಲಿ ಹೋಗಿ ಇಳಿದರೆ ಎದುರಿನ ಬದುವಿನ ಮೇಲೆ ಸಾಲಾಗಿ ಹೆಂಗಸರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಮೊರ. ನಮ್ಮವರು ಚೆಂಡು ತಂದಾಗಲೆಲ್ಲ ಆ ಮೊರಗಳು ಒಟ್ಟಿಗೆ ಏಳುತ್ತಿದ್ದವು. "ಕೇರ್ರೇ ಕೇರ್ರೇ, ಕೊಟ್ಟೂರ ಜಳ್ಳು ಕೇರ್ರೇ!" ನಾನೂ ನಗುತ್ತಿದ್ದೆ. ಪಕ್ಕದಲ್ಲಿ ಅವ್ವ ನಗುವುದನ್ನು ನಿಲ್ಲಿಸಿದ್ದು ಗೊತ್ತಾಗಿ ಆಕೆ ನೋಡುತ್ತಿದ್ದ ಕಡೆ ನೋಡಿದೆ. ಸಾಲಿನ ನಡುವೆ ನಮ್ಮ ಗಿರಿಜತ್ತಿ. ಹರಪನಹಳ್ಳಿಗೆ ಮದುವೆಯಾಗಿ ಹೋಗಿದ್ದ ಆಕೆಯ ಕೈಯಲ್ಲಿ, ಅಂಚಿಗೆ ಕೆಂಪು ಅರಿವೆ ಕಟ್ಟಿದ ಮೊರ. ಮದುವೆಯಲ್ಲಿ ಅವ್ವನೇ ಆರಿಸಿ ಕೊಟ್ಟದ್ದು ಅದು. ಅತ್ತಿ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಒಡಹುಟ್ಟಿದ ತಮ್ಮನ ಕಡೆಗೆ ಮೊರ ಬೀಸುತ್ತಿದ್ದಳು. ಅವ್ವ ಚೀಲದ ಬಾಯಿ ಕಟ್ಟಿದಳು. ಆಟ ಮುಗಿಯುವ ಮೊದಲೇ ನನ್ನ ಕೈ ಹಿಡಿದು ಬಸ್ ನಿಲ್ದಾಣಕ್ಕೆ ನಡೆದಳು. ದಾರಿಯಲ್ಲಿ ಒಂದೇ ಮಾತು: "ನನ್ನ ಮಗನ್ನ ಜಳ್ಳು ಅಂದಳು, ನನ್ನ ಮೊರ ಹಿಡಕೊಂಡು."

ಆ ವರ್ಷ ನಾಗರ ಪಂಚಮಿಗೆ ಅತ್ತಿಯನ್ನು ಕರೆಯಲು ಯಾರನ್ನೂ ಕಳಿಸಲಿಲ್ಲ. ನಮ್ಮ ಕಡೆ ಪಂಚಮಿಗೆ ತವರಿನಿಂದ ಕರೆ ಹೋಗದಿದ್ದರೆ ಹೆಣ್ಣುಮಗಳಿಗೆ ಅದೆಂಥ ಅವಮಾನ ಎಂದು ಹೇಳಬೇಕಾಗಿಲ್ಲ. ಅಪ್ಪ ಎರಡು ಮಾತು ಹೇಳಿ ನೋಡಿದರು, ಕಾಕಾ ತಾನೇ ಹೋಗಿ ಕರೆತರುತ್ತೇನೆ ಎಂದ. ಅವ್ವ ಎಳ್ಳುಂಡೆ ಕಟ್ಟುತ್ತ ಕಿವಿ ಕೇಳದವಳಂತೆ ಕೂತಿದ್ದಳು. ಜೋಕಾಲಿ ಕಟ್ಟಿದ ದಿನ ಮಧ್ಯಾಹ್ನ, ಕರೆಯದೆಯೇ, ಗಿರಿಜತ್ತಿ ಒಬ್ಬಳೇ ಬಸ್ಸಿಳಿದು ಬಂದಳು. ಕಾಲು ತೊಳೆದುಕೊಳ್ಳಲಿಲ್ಲ, ಹೊಸ್ತಿಲಾಚೆಯೇ ನಿಂತಳು.

"ಒಳಗ ಬರ್ಲೇನ್ ಬ್ಯಾಡ?"

ಅವ್ವ ಇನ್ನೊಂದು ಉಂಡೆ ಕಟ್ಟತೊಡಗಿದಳು.

"ನೀನ ಕೊಟ್ಟ ಊರು ಅದು, ಯವ್ವಾ. ಅಲ್ಲಿ ನಾನು ಇನ್ನೂ ಕೊಟ್ಟೂರಾಕಿ. ಏನ್ ಮಾಡಿದ್ರೂ ಕೊಟ್ಟೂರಾಕಿ ಹಿಂಗ, ಕೊಟ್ಟೂರಾಕಿ ಹಂಗ. ಇಲ್ಲಿ ಬಂದ್ರ ಹರಪನಳ್ಳಿಯಾಕಿ ಬಂದ್ಲು ಅಂತೀರಿ. ಆವತ್ತ ಮೊದಲನೇ ಸಲ ಅಲ್ಲಿ ಹೆಣ್ಮಕ್ಕಳು ಬಾ ಅಂತ ನಡುವ ನಿಂದ್ರಿಸಿಕೊಂಡಿದ್ರು. ಖುಷಿ ಆಗಿತ್ತು ನನಗ. ಅಷ್ಟ."

ಜೋಕಾಲಿಯ ಮೇಲಿದ್ದ ನಾವು ಮಕ್ಕಳು ಕಾಲೂರಿ ನಿಂತೆವು. ಅವ್ವ ಕೈಯಲ್ಲಿದ್ದ ಉಂಡೆಯನ್ನು ಕಟ್ಟಿ ಮುಗಿಸಿ, ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡಳು. ಎದ್ದು ಗೋಡೆಯ ಗೂಟಕ್ಕಿದ್ದ ಮೊರ ಇಳಿಸಿದಳು. "ಕೇರೋದು ಹಂಗೇನಲೇ? ಬೀಸಣಿಗಿ ಬೀಸಿದಂಗ ಬೀಸಾಕ ಹತ್ತಿದ್ದಿ. ಮಂದಿ ಮುಂದ ನನ್ನ ಮರ್ಯಾದಿ ತಗದಿ. ಬಸಮ್ಮ ಮಗಳಿಗೆ ಕೇರಾಕ ಸೈತ ಕಲಿಸಿಲ್ಲ ಅಂದಿರಬೇಕು." ಮೊರವನ್ನು ಸೊಂಟಕ್ಕೆ ಒತ್ತಿ ಅಂಗೈಯಿಂದ ಅದರ ಅಂಚಿಗೆ ಬಡಿದು ತೋರಿಸಿದಳು. ಟಪ್, ಟಪ್, ಟಪ್. ಒಣ ಬಿದಿರಿನ ಆ ಸದ್ದು ಪಡಸಾಲೆ ತುಂಬಿತು. "ಸದ್ದು ಬರಬೇಕು. ಸದ್ದಿಗೇ ಜಳ್ಳು ಹೆದರಿ ಹೋಗಬೇಕು. ಒಳಗ ಬಂದು ಹಿಡಿ, ನೋಡೋಣ." ಅತ್ತಿ ಅಳುತ್ತಲೇ ಒಳಗೆ ಬಂದು ಮೊರ ಹಿಡಿದಳು.

ಮುಂದಿನ ಪಂದ್ಯ ನಮ್ಮೂರಿನಲ್ಲಿ. ಹರಪನಹಳ್ಳಿಯ ಹೆಂಗಸರು ಸಾಲಾಗಿ ನಿಂತು ಮೊರದ ಅಂಚಿಗೆ ಅಂಗೈ ಬಡಿದಾಗ ಕೊಟ್ಟೂರಿಗೆ ಕೊಟ್ಟೂರೇ ಬೆಚ್ಚಿಬಿತ್ತು. ಇದನ್ನು ಇವರಿಗೆ ಯಾರು ಕಲಿಸಿದರು ಎಂದು ನಮ್ಮ ಕಡೆಯ ಗಂಡಸರು ಹಲ್ಲು ಕಡಿದರು. ಅವ್ವ ಎಲೆ ಅಡಿಕೆ ಜಗಿಯುತ್ತ ಎತ್ತಲೋ ನೋಡುತ್ತಿದ್ದಳು, ನನ್ನ ತೊಡೆಯನ್ನು ಮಾತ್ರ ಚಿವುಟಿ ಹಿಡಿದಿದ್ದಳು, ಬಾಯಿ ಬಿಟ್ಟೀ ಜೋಕೆ ಎಂದು. ಕೊನೆಕೊನೆಗೆ ನಮ್ಮ ಹುಡುಗನೊಬ್ಬನ ತಪ್ಪಿಗೆ ಅವರಿಗೆ ಪೆನಾಲ್ಟಿ ಸಿಕ್ಕಿತು. ಗೋಲಿನಲ್ಲಿ ಕಾಕಾ ಒಬ್ಬನೇ, ಎದುರಿಗೆ ಚೆಂಡು. ಮೊರಗಳು ಒಂದೇ ಸಮನೆ ಬಡಿಯುತ್ತಿದ್ದವು. ನಾನು ಅತ್ತಿಯನ್ನು ನೋಡಿದೆ. ಆಕೆ ಮೊರವನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಕಾಕಾ ಬಲಕ್ಕೆ ಹಾರಿದ. ಚೆಂಡು ಅವನ ಉದ್ದ ಕೈಯ ತುದಿಬೆರಳಿಗೆ ತಾಗಿ ಕಂಬದ ಹೊರಗೆ ಹೋಯಿತು. ಅವ್ವ ಬೊಗಸೆ ತೂರಿದಳು, ಊರೆಲ್ಲ ತೂರಿತು. ಮೂಡಲ ಗಾಳಿ ಬೀಸುತ್ತಿತ್ತು. ಅದು ಮಂಡಕ್ಕಿಯನ್ನೆಲ್ಲ ಹೊತ್ತು ಆಚೆ ಬದಿಯ ಹೆಂಗಸರ ಮೇಲೆ ಸುರಿಯಿತು. ಅವರು ನಗುತ್ತ ಮೊರ ಚಾಚಿ ಹಿಡಿದುಕೊಂಡರು. ಅತ್ತಿ ತನ್ನ ಮೊರದಲ್ಲಿ ಬಿದ್ದದ್ದನ್ನು ಸೆರಗಿಗೆ ಸುರಿದುಕೊಂಡು, ಪಕ್ಕದವಳ ಬಾಯಿಗೊಂದು ಮುಕ್ಕು ಹಾಕಿ, ತಾನೊಂದು ಮುಕ್ಕಿದಳು.

ಇನ್ನೂ ಕೆಲವು ವರ್ಷ ಆ ಆಟ ನಡೆಯಿತು. ಆಮೇಲೆ ಮೇಷ್ಟ್ರಿಗೆ ವರ್ಗವಾಯಿತು, ಮೈದಾನದಲ್ಲಿ ಹೊಸ ಕಟ್ಟಡ ಎದ್ದಿತು, ಚೆಂಡು ಯಾವ ಕಪಾಟಿನಲ್ಲಿ ಗಾಳಿ ಇಳಿದು ಕೂತಿತೋ. ಕಾಕಾ ಹಗರಿಬೊಮ್ಮನಹಳ್ಳಿಯಲ್ಲಿ ಬೀಜದ ಅಂಗಡಿ ಇಟ್ಟ. ಭಟ್ಟಿ ನಿಂತಿತು, ಮನೆಯೂ ಮುಂದೆ ಬೇರೆಯವರ ಪಾಲಾಯಿತು. ಅದಕ್ಕೆ ಮೊದಲು ಅವ್ವ ಹಾಸಿಗೆ ಹಿಡಿದಾಗ ಎಲ್ಲರೂ ಬಂದು ಸೇರಿದ್ದೆವು. ಆ ಮನೆ ತುಂಬಿದ್ದನ್ನು ನಾನು ಕಂಡದ್ದು ಅದೇ ಕೊನೆಯ ಸಲ. ಒಂದು ಇಳಿಹೊತ್ತು ಅವ್ವ ಕಣ್ಣು ಬಿಟ್ಟು, ಮಂಚದ ಆಚೀಚೆ ಕೂತಿದ್ದ ಕಾಕಾನನ್ನೂ ಅತ್ತಿಯನ್ನೂ ನೋಡಿ ಕೇಳಿದಳು: "ಈ ಸಲ ಯಾರು ಗೆದ್ರು?"

ಆಟ ನಿಂತು ಎಷ್ಟೋ ಕಾಲವಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಒಂದೇ ಉಸಿರಿಗೆ ಇಬ್ಬರೂ "ನಾವ" ಅಂದರು.

"ಸುಳ್ಳು ಹೇಳಬ್ಯಾಡಲೇ" ಎಂದಳು ಅತ್ತಿ. "ನೀನ ಸುಳ್ಳಿ" ಎಂದ ಕಾಕಾ. ಅವ್ವ ಮುಖದಲ್ಲೇ ನಕ್ಕು, "ಹಂಗಾದ್ರ ಛಲೋ ಆತು" ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಅವರಿಬ್ಬರೂ ಎದ್ದು ಪಡಸಾಲೆಗೆ ಬಂದರು. ಬಂದರೂ ಜಗಳ ಬಿಡಲಿಲ್ಲ. ಗೋಲು ಯಾರು ಹೊಡೆದರು, ಯಾರು ತಪ್ಪಿಸಿದರು, ಬಿಸಿಲು ಯಾರ ಕಣ್ಣಿಗಿತ್ತು ಎಂದು ಆಡದೇ ಇದ್ದ ಆ ಪಂದ್ಯವನ್ನು ಹೊತ್ತು ಮುಳುಗುವ ತನಕ ಜೋರುಜೋರಾಗಿ ಆಡುತ್ತಲೇ ಇದ್ದರು. ಅವ್ವ ಒಳಗೆ ಎಚ್ಚರವಾಗಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು.