ಸವಿತಾಳ ಹೆಸರಿನಲ್ಲಿ ಬರೆದವರು

೨೦೦೮ರಲ್ಲಿ ನಾನು ಹೊನ್ನಾವರದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್. ಶಾಲೆ ಬಿಟ್ಟ ಮೇಲೆ ಮಕ್ಕಳು ಸೈಬರ್ ಕೆಫೆಗೆ ನುಗ್ಗಿ, ಇಂಟರ್‌ನೆಟ್ಟಿನಲ್ಲಿ ಒಬ್ಬರ ಪುಟದ ಮೇಲೆ ಇನ್ನೊಬ್ಬರು ಬರೆಯುವ ಹುಚ್ಚಿಗೆ ಬಿದ್ದಿದ್ದರು. ನಮಗೆ ಶಿಕ್ಷಕರಿಗೆ ಅದರ ಗಂಧಗಾಳಿಯೂ ಇರಲಿಲ್ಲ.

ಒಂದು ಸೋಮವಾರ ಮೂವರು ಹುಡುಗಿಯರ ತಂದೆತಾಯಂದಿರು ಪ್ರಿಂಟ್‌ಔಟ್ ಹಿಡಿದು ಹೆಡ್‌ಮಾಸ್ಟರ ಕೋಣೆಗೆ ಬಂದರು. ಅವರ ಮಕ್ಕಳ ಪುಟಗಳ ಮೇಲೆ ಬರೆದಿದ್ದ ಹೀನ ಮಾತುಗಳು ಅದರಲ್ಲಿದ್ದವು. ಒಬ್ಬಳ ಮೈಬಣ್ಣ, ಒಬ್ಬಳ ತೊದಲು, ಇನ್ನೊಬ್ಬಳ ಅಪ್ಪನ ಕುಡಿತ. ಹದಿನಾಲ್ಕರ ಮಕ್ಕಳು ಹೀಗೂ ಬರೆಯುತ್ತಾರೆಯೇ? ಪ್ರತಿಯೊಂದರ ಮೇಲೂ ಸವಿತಾಳ ಹೆಸರು, ಫೋಟೊ ಇತ್ತು.

ಸವಿತಾ ನನ್ನದೇ ಕ್ಲಾಸಿನವಳು, ಮೀನು ಮಾರುವ ನಾಗಮ್ಮನ ಮಗಳು, ಬಾಯಿ ಬಲು ಜೋರು. ಹಾಗಾಗಿ ಎಲ್ಲರೂ ತಕ್ಷಣ ನಂಬಿದರು. “ಟೀಸಿ ಕೊಟ್ಟು ಕಳಿಸಿ” ಎಂದರು ಹೆಡ್‌ಮಾಸ್ಟರು. ಟೀಸಿ ಕೈಗೆ ಬಂದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಸಿಟ್ಟು ಬಂತು. ಬಾಯಿ ಜೋರಿದ್ದವಳು ಎದುರಿಗೇ ಬೈಯುತ್ತಾಳೆ, ನನಗೇ ಎಷ್ಟೋ ಸಲ ಎದುರುತ್ತರ ಕೊಟ್ಟವಳು. ಮರೆಯಲ್ಲಿ ಕೂತು ಬರೆಯುವುದು ಅವಳ ಜಾಯಮಾನವೇ ಅಲ್ಲ. ಒಂದು ದಿನ ತಡೆಯಿರಿ ಎಂದೆ.

ಸವಿತಾಳನ್ನು ಕರೆಸಿ ಕೇಳಿದೆ. ಮುಖ ಅತ್ತು ಅತ್ತು ಊದಿತ್ತು. “ನಂಗೆ ಕಂಪ್ಯೂಟರ್ ಹಚ್ಚೂಕೂ ಬರೂದಿಲ್ಲ ಅಕ್ಕೋರೇ. ಅಕೌಂಟ್ ಮಾಡ್ಕೊಟ್ಟದ್ದು ವಿದ್ಯಾ. ಕೆಫೆಗೆ ಹೋದ್ರೂ ಅವ್ಳೇ ಒತ್ತೂದು, ನಾನು ನೋಡೂದು.”

“ಪಾಸ್‌ವರ್ಡ್?”

“ಅದೂ ಅವ್ಳ ಹತ್ರನೇ ಇತ್ತು. ಎಂತಕ್ಕೆ?”

ಆಗೆಲ್ಲ ಹಾಗೇ ನಡೆಯುತ್ತಿತ್ತು. ಕಂಪ್ಯೂಟರ್ ಬಲ್ಲ ಒಬ್ಬಳು ಗೆಳತಿಯರಿಗೆಲ್ಲ ಅಕೌಂಟ್ ತೆರೆದುಕೊಟ್ಟು, ಪಾಸ್‌ವರ್ಡನ್ನೂ ತಾನೇ ಇಟ್ಟುಕೊಳ್ಳುತ್ತಿದ್ದಳು. ಅದು ತಪ್ಪೆಂದು ಯಾರಿಗೂ ತೋಚಿರಲಿಲ್ಲ.

ವಿದ್ಯಾ ನಮ್ಮ ಕ್ಲಾಸಿನ ಮಾನಿಟರ್, ದನಿ ಎತ್ತಿ ಗೊತ್ತಿಲ್ಲದ ಹುಡುಗಿ. ಅಂದು ಬೆಳಗಿನಿಂದ ಸವಿತಾಳ ಕಣ್ಣೀರು ಒರೆಸುತ್ತ ಪಕ್ಕದಲ್ಲೇ ಕೂತಿದ್ದಳು. ಕರೆದು ಕೇಳಿದೆ. ಅವಳು ಇಲ್ಲ ಎನ್ನಲಿಲ್ಲ, ಅಳಲೂ ಇಲ್ಲ.

“ಎಲ್ಲರೂ ಅವ್ಳನ್ನ ಬಿಟ್ರೆ, ಅವ್ಳು ನನ್ನ ಸಂಗಡ ಮಾತ್ರ ಇರ್ತಿದ್ಲು ಅಕ್ಕೋರೇ.”

ಇಷ್ಟು ವರ್ಷದ ನೌಕರಿಯಲ್ಲಿ ಒಂದು ಮಗುವಿನ ಮಾತಿಗೆ ಹಾಗೆ ಬೆಚ್ಚಿದ್ದು ಅದೇ ಮೊದಲು.

ಟೀಸಿ ತಪ್ಪಿತು. ವಿದ್ಯಾ ತಂದೆಯ ಜೊತೆ ಆ ಮೂರೂ ಮನೆಗಳಿಗೆ ಹೋಗಿ ತಪ್ಪೊಪ್ಪಿಕೊಂಡಳು. ಆದರೆ ಸವಿತಾ ಆಮೇಲೆ ಕ್ಲಾಸಿನಲ್ಲಿ ಬಾಯಿ ಬಿಡಲೇ ಇಲ್ಲ. “ಹುಡುಗಿ ಅಂತೂ ಸುಧಾರಿಸಿದಳು” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಂತೋಷ. ನನಗೆ ಮಾತ್ರ ಅದು ಸುಧಾರಣೆ ಎನಿಸಲಿಲ್ಲ. ಗಲಾಟೆ ಮಾಡುವ ಮಕ್ಕಳ ಬಗ್ಗೆ ಅಂದಿನಿಂದ ನಾನು ತಲೆ ಕೆಡಿಸಿಕೊಂಡಿಲ್ಲ. ಸುಮ್ಮನಾದ ಮಗುವಿನ ಪಕ್ಕ ಹೋಗಿ ಕೂರುವುದನ್ನು ಕಲಿತೆ.