ಒಳಗೆ ಯಾರೂ ಇಲ್ಲ

ದುಡಿಮೆಯಲ್ಲಿ ಗಂಡು ಹೆಣ್ಣಿನ ಅಂತರ ನಮ್ಮಲ್ಲಿ ಎಷ್ಟು, ವಿಯೆಟ್ನಾಮಿನಲ್ಲಿ ಎಷ್ಟು ಎಂದು ಹೋಲಿಸುವ ಸಮೀಕ್ಷೆಗಾಗಿ ನಲ್ಲೂರಿಗೆ ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದ ಯಜಮಾನರನ್ನು, "ಮನೆಯ ಹೆಂಗಸರು ಏನು ಕೆಲಸ ಮಾಡ್ತಾರೆ?" ಎಂದು ಕೇಳಿದೆ.

"ಏನೂ ಇಲ್ರೀ ಮೇಡಂ. ಮನ್ಯಾಗೇ ಇರ್ತಾರೆ."

ಅವರ ಬೆನ್ನ ಹಿಂದಿನ ಗೋಡೆಯಾಚೆ ಕಚಕ್ ಕಚಕ್ ಎಂದು ಅಡಿಕೆ ಸುಲಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ಮತ್ತೆ ಅಡಿಕೆ ಸುಲೀತಿರೋದು ಯಾರು?"

ಅವರು ಕಿವಿಗೊಟ್ಟರು. "ಸದ್ದು ಎಲ್ಲೈತ್ರೀ? ಒಳಗೆ ಯಾರೂ ಇಲ್ಲ."

ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ಅವರಿಗೆ ನಿಜಕ್ಕೂ ಕೇಳಿಸುತ್ತಿರಲಿಲ್ಲ.

ಸದ್ದು ಥಟ್ಟನೆ ನಿಂತಿತು. ನಾನೇ ಎದ್ದು ಬಾಗಿಲು ತಳ್ಳಿದೆ. ಅರೆಗತ್ತಲಲ್ಲಿ, ಮೊಣಕಾಲೆತ್ತರದ ಸಿಪ್ಪೆಯ ನಡುವೆ ಹೆಂಗಸರು ಕದಲದೆ ಕೂತು ನನ್ನನ್ನೇ ನೋಡುತ್ತಿದ್ದರು.

"ಕೆಲಸ ಮಾಡ್ತಿದೀರಾ?" ಎಂದೆ.

"ಇಲ್ಲಮ್ಮ, ಸುಮ್ನೆ ಕುಂತೀವಿ," ಎಂದಳು ಹಿರಿಯಾಕೆ.

ಮರುದಿನ ಮನೆಯಿಂದ ವಿಯೆಟ್ನಾಮಿನ ಸಹೋದ್ಯೋಗಿಗೆ ವಿಡಿಯೋ ಕರೆ ಮಾಡಿ, ಇದನ್ನೆಲ್ಲ ನಗುತ್ತ ಹೇಳಿದೆ. ಅವಳು ನಗಲಿಲ್ಲ. "ನಿನ್ನ ಹಿಂದೆ ಕೆಲಸ ಮಾಡ್ತಿರೋದು ಯಾರು?" ಎಂದಳು.

"ಯಾರೂ ಇಲ್ಲವಲ್ಲ," ಎಂದೆ.

ಅಡುಗೆಮನೆಯಲ್ಲಿ ಅಮ್ಮ ಕಾಯಿ ತುರಿಯುತ್ತಿದ್ದ ಸದ್ದು ಥಟ್ಟನೆ ನಿಂತಿತು. ಅಂಥದೊಂದು ಸದ್ದು ಇತ್ತೆಂದು ನನಗೆ ಗೊತ್ತಾದದ್ದೇ ಆಗ.