ಮಹಾದೇವಿಗೆ ಕಂಡ ಉಂಗುರಗಳು

ಉತ್ತರ ಗೊತ್ತಿದ್ದವರು ಎದ್ದು ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ. ದೊಡವಾಡದ ಮಹಾದೇವಿ ಗೊತ್ತಿಲ್ಲದಿದ್ದಾಗ ಎದ್ದು ನಿಲ್ಲುತ್ತಿದ್ದಳು. ಅದೂ ಹೇಗೆ? ವೇಲ್ ಸರಿಮಾಡಿಕೊಂಡು, ಬಹುಮಾನ ಇಸಿದುಕೊಳ್ಳಲು ಹೊರಟವಳ ಹಾಗೆ. "ತಿಳೀಲಿಲ್ರಿ ಸರ್. ಮತ್ತೊಮ್ಮಿ ಹೇಳ್ರಿ."

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಯಾವ ಬ್ರಾಂಚಿನವರಿಗೂ ಫಿಜಿಕ್ಸ್ ತಪ್ಪುವುದಿಲ್ಲ. ನಮಗೆ ಅದನ್ನು ಕಲಿಸುತ್ತಿದ್ದವರು ಹೂಗಾರ ಸರ್. ಬೋರ್ಡಿನ ತುಂಬ ಬರೆದು, ಕೈಗೆ ಮೆತ್ತಿದ ಚಾಕಿನ ಪುಡಿ ಜಾಡಿಸಿ, "ತಿಳೀತೋ ಇಲ್ಲೋ?" ಎನ್ನುತ್ತಿದ್ದರು. "ಹೂನ್ರಿ ಸರ್" ಎಂದು ಇಡೀ ಕ್ಲಾಸು ಕೂಗುತ್ತಿತ್ತು. ಎಲ್ಲರಿಗಿಂತ ಗಟ್ಟಿ ದನಿ ನನ್ನದೇ. ಬೈಲಹೊಂಗಲದ ನಮ್ಮ ಪಿಯು ಕಾಲೇಜಿಗೆ ಫಸ್ಟ್ ಬಂದವಳು ನಾನು, ತಿಳಿಯದಿದ್ದರೆ ನಡೆದೀತೆ? ತಿಳಿಯದ್ದನ್ನು ಮನೆಯಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ. "ಶೈಲಾ ಶ್ಯಾಣೇಕಿ" ಎಂಬ ಒಂದು ಮೆಚ್ಚುಗೆಯ ಮಾತು ಸರ್ ಬಾಯಿಂದ ಬರಬೇಕು, ಅಷ್ಟೇ ನನ್ನ ಆಸೆ.

ಅವರ ಕಣ್ಣೋ ಮಹಾದೇವಿಯ ಮೇಲೆ. ಅವಳು ಎದ್ದಳೆಂದರೆ ಸರ್ ಮುಖ ಅರಳುತ್ತಿತ್ತು. "ಕುಂದರವ್ವ, ಹೇಳ್ತೇನಿ" ಎಂದು ಬರೆದದ್ದೆಲ್ಲ ಒರೆಸಿ, ನೀರಿನ ಬಾಟಲಿಗೆ ದಾರ ಕಟ್ಟಿ ಗರಗರ ತಿರುಗಿಸಿ ತೋರಿಸುತ್ತಿದ್ದರು. ತಿಳಿಯದವಳಿಗೆ ಇಷ್ಟು ಮರ್ಯಾದೆ, ತಿಳಿದವಳಿಗೆ ಏನೂ ಇಲ್ಲ! ನನ್ನ ಮೈಯೆಲ್ಲ ಉರಿಯುತ್ತಿತ್ತು.

ಅವಳನ್ನು ದ್ವೇಷಿಸೋಣವೆಂದರೆ ಅದಕ್ಕೂ ಆಸ್ಪದ ಕೊಡುತ್ತಿರಲಿಲ್ಲ. ರೊಟ್ಟಿಯ ಡಬ್ಬಿ ತೆರೆದರೆ ಮೊದಲು ನನ್ನ ಮುಂದೆಯೇ ಸರಿಸುವಳು. ಕಾಲೇಜಿಗೆ ಹೋಗುವ ಬಸ್ಸು ತಿರುವಿನಲ್ಲಿ ಹೊರಳಿದಾಗ ನನ್ನ ಮೇಲೆ ಬಿದ್ದು, "ನೋಡ ಶೈಲಾ, ನಾವು ಹೊರಗ ಬೀಳಾಕತ್ತಿಲ್ಲ, ಬಸ್ಸ ಒಳಗ ತಿರಗಾಕತ್ತೇತಿ!" ಎಂದು ನಗುವಳು. ಆ ಬಾಟಲಿಯ ಪಾಠವನ್ನು ನಾನು ಅಕ್ಷರ ಬಿಡದೆ ಒಪ್ಪಿಸಬಲ್ಲೆ. ಬಸ್ಸಿನಲ್ಲಿ ಮಾತ್ರ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ. "ಎಲ್ಲಾರ ಮುಂದ ಹಂಗ ಕೇಳಾಕ ನಾಚಿಕಿ ಬರೂದಿಲ್ಲೇನ ನಿನಗ?" ಎಂದು ಒಮ್ಮೆ ಚುಚ್ಚಿದೆ. "ಬರೇ ಹೂಂ ಅಂದ್ರ ಹೊಟ್ಟಿ ತುಂಬತೈತೇನ?" ಎಂದಳು, ರೊಟ್ಟಿ ಮುರಿಯುತ್ತ.

ಆಮೇಲೆ ಬಂತು ಉಂಗುರದ ಪ್ರಯೋಗ. ಗಾಜಿನ ಮೇಲೊಂದು ಉಬ್ಬುಗಾಜು ಇಟ್ಟು, ಪಕ್ಕದಲ್ಲಿ ಹಳದಿ ದೀಪ ಹಚ್ಚಿ, ಮೇಲಿನಿಂದ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೆಳಕಿನ ಉಂಗುರಗಳು ಕಾಣಬೇಕು. ಲ್ಯಾಬಿನಲ್ಲಿ ಸಾಲಾಗಿ ನಿಂತೆವು. ಇಣುಕಿದವರೆಲ್ಲ "ಕಂಡ್ವರಿ ಸರ್" ಎನ್ನುತ್ತ ಮುಂದೆ ಸರಿದರು. ನಾನೂ ಇಣುಕಿದೆ. ಗವ್ವೆನ್ನುವ ಕತ್ತಲು. "ಭಾಳ ಸ್ಪಷ್ಟ ಅದಾವ್ರಿ ಸರ್" ಎಂದೆ.

ನನ್ನ ಹಿಂದೆ ಮಹಾದೇವಿ. ಬಗ್ಗಿದವಳು ಏಳಲೇ ಇಲ್ಲ. "ಕಾಣವಲ್ದ್ರಿ ಸರ್. ಬರೇ ಕತ್ತಲಿ ಐತಿ."

ಎಲ್ಲರೂ ಕಿಸಕ್ಕೆಂದರು. ಸರ್ ಬಂದು ಕಣ್ಣಿಟ್ಟರು, ಕೈ ಹಾಕಿ ಏನನ್ನೋ ತಡವಿದರು. "ಅಲ್ರಿ, ದೀಪದ ಬೆಳಕು ಕೆಳಗ ಕಳಸೂ ಗಾಜು ತಿರುವಿ ಕುಂತೈತಿ! ಮತ್ತ ನೀವೆಲ್ಲಾ ಏನ್ ನೋಡಿದ್ರಿ?"

ಸರ್ ಗಾಜು ತಿರುಗಿಸಿ, "ಬಾರವ್ವ, ಮೊದಲ ನೀ ನೋಡು" ಎಂದರು. ಅವಳು ಬಗ್ಗಿ ಕೂಗಿಯೇ ಬಿಟ್ಟಳು. "ಯವ್ವಾ! ಬಳಿಯೊಳಗ ಬಳಿ, ಬಳಿಯೊಳಗ ಬಳಿ ಇಟ್ಟಂಗ ಐತಿ! ಬಾ ಶೈಲಾ, ಲಗೂನ ಬಾ!" ಉಳಿದವರು ನಾಚಿಕೆ ಬಿಟ್ಟು ಮತ್ತೆ ಸಾಲು ಹಚ್ಚಿದರು. "ಭಾಳ ಸ್ಪಷ್ಟ ಅದಾವ" ಎಂದವಳು ನಾನು ಯಾವ ಮುಖ ಹೊತ್ತು ಹೋಗಲಿ? ಅದರ ಮೇಲೆ ಅವಳ ಕೈಯಿಂದ ತೋರಿಸಿಕೊಳ್ಳುವುದೆ? "ನಾ ನೋಡೇನಿ" ಎಂದು ಚೀಲ ಹೆಗಲಿಗೇರಿಸಿ ಹೊರಗೆ ನಡೆದೆ.

ಪರೀಕ್ಷೆಯಲ್ಲಿ ಚೀಟಿ ಎತ್ತಿದರೆ ನನಗೆ ಅದೇ ಪ್ರಯೋಗ! ಕಣ್ಣಿಟ್ಟರೆ ಹಳದಿ ಮಬ್ಬು ಬಿಟ್ಟರೆ ಏನಿಲ್ಲ. ಯಾವುದನ್ನು ಎಷ್ಟು ತಿರುಗಿಸಬೇಕೆಂದು ಯಾರನ್ನು ಕೇಳಲಿ? ರೆಕಾರ್ಡಿಗೆ ನಕಲು ಮಾಡಿದ್ದ ಅಳತೆಗಳು ಬಾಯಿಪಾಠವಿದ್ದವು, ಬರೆದುಕೊಟ್ಟೆ. ಪೂರ್ತಿ ಅಂಕ. ಮಹಾದೇವಿಗೆ ಸ್ಪ್ರಿಂಗಿನ ಪ್ರಯೋಗ. ಲೆಕ್ಕ ಹೊಂದುತ್ತಿಲ್ಲವೆಂದು ಅವಳು ಮತ್ತೆ ಮತ್ತೆ ತೂಗಿ ನೋಡುತ್ತಿದ್ದಾಗಲೇ ಗಂಟೆ ಹೊಡೆಯಿತು. ಕ್ಲಾಸಿಗೆ ನಾನು ಫಸ್ಟ್ ಬಂದೆ.

ಫಲಿತಾಂಶದ ದಿನ ಓಡಿಹೋಗಿ ಸರ್ ಎದುರು ನಿಂತೆ. "ಛಲೋ ಆತವ್ವ" ಎಂದವರು ನನ್ನ ಹೆಗಲಿನಾಚೆ ಕಣ್ಣು ಹಾಯಿಸಿ ಕೇಳಿದರು: "ಮಹಾದೇವಿ ಬಂದಿಲ್ಲೇನು?"

ಬಂದಿದ್ದಳು. ಊರಿಗೆ ಮರಳುವಾಗ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಎರಡನೇ ವರ್ಷಕ್ಕೆ ಧಾರವಾಡದ ಕಾಲೇಜಿಗೆ ಹೋಗುವವಳಿದ್ದಳು. ದೊಡವಾಡದಿಂದ ಅಲ್ಲಿಗೆ ನೇರ ಬಸ್ಸಿತ್ತು. ಆ ದಿನದ ಮೇಲೆ ನಾನು ಅವಳನ್ನು ನೋಡಿಲ್ಲ. ನನ್ನ ಎರಡೂ ಕೈ ಹಿಡಿದು, "ಫಸ್ಟ ಬಂದೀಯಂತಲ್ಲ, ನನಗ ಗೊತ್ತಿತ್ತ ಬಿಡ!" ಎಂದಳು. ಅವಳ ದನಿಯಲ್ಲಿ ಒಂದಿಷ್ಟಾದರೂ ಸಂಕಟ ಸಿಕ್ಕೀತೇನೋ ಎಂದು ಹುಡುಕಿದೆ. ಇರಲಿಲ್ಲ.

ಅವಳ ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. "ನಿನಗ ಉಂಗುರದ್ದ ಬಂದಿತ್ತಂತಲ್ಲ? ನಡುವಿನ ಕರೀ ಬೊಟ್ಟ ನೋಡಿದ್ಯೋ ಇಲ್ಲೋ? ಹೆಂಗಿತ್ತ?"

"ಭಾಳ ಚಂದ ಇತ್ತ!" ಎಂದು ನಾನೂ ಕೂಗಿದೆ.

ಅವಳ ಮುಖ ಬೆಳಗಿತು. ತಾನು ಕಂಡದ್ದನ್ನು ಗೆಳತಿಯೂ ಕಂಡಳಲ್ಲ ಎಂಬ ಸಂತೋಷಕ್ಕೆ ಬಸ್ಸು ತಿರುಗುವವರೆಗೂ ಕೈ ಬೀಸಿದಳು. ಆ ಸಂತೋಷಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.